ಡನ್‌ಬಾರ್ ಬಿಟ್ಟು ಬಂದ ಮನೆಮಂದಿ

ಮಕ್ಕಳೇ, ಕ್ಯಾಲಿಫೋರ್ನಿಯಾದ ಯೊಸೆಮಿಟಿಗೆ ಹೋದವರೆಲ್ಲ ಜಾನ್ ಮ್ಯೂರ್ ಎಂಬ ಹೆಸರು ಕೇಳಿರುತ್ತೀರಿ. ಉದ್ದ ಗಡ್ಡ ಬಿಟ್ಟು ಬಂಡೆಯ ಮೇಲೆ ನಿಂತ ಆ ತಾತನ ಫೋಟೋವನ್ನೂ ನೋಡಿರುತ್ತೀರಿ. ಅವರೂ ಒಂದು ಕಾಲಕ್ಕೆ, ನಿಮ್ಮಲ್ಲಿ ಕೆಲವರ ಹಾಗೆ, ಅಪ್ಪನ ಕೈಹಿಡಿದು ಅಮೆರಿಕಕ್ಕೆ ಬಂದ ಹುಡುಗ.

1849ರ ಫೆಬ್ರವರಿ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಡನ್‌ಬಾರ್ ಊರು. ಜಾನ್ ಮತ್ತು ತಮ್ಮ ಡೇವಿಡ್ ತಾಯಿಯ ತಂದೆಯ ಮನೆಯಲ್ಲಿ ಬೆಂಕಿಯ ಮುಂದೆ ಕೂತು ಮರುದಿನದ ಪಾಠ ಉರುಹೊಡೆಯುತ್ತಿದ್ದರು. ಅಪ್ಪ ಡೇನಿಯಲ್ ಒಳಗೆ ಬಂದವರೇ, ಈ ರಾತ್ರಿ ಓದುವುದು ಬೇಡ, ಬೆಳಗಾದರೆ ಅಮೆರಿಕಕ್ಕೆ ಹೊರಡುತ್ತಿದ್ದೇವೆ ಎಂದರು. ಹುಡುಗರು ಕುಣಿದಾಡಿದರು. ಅಜ್ಜನ ಮುಖ ಮಾತ್ರ ಬಾಡಿತು. ಅಲ್ಲಿ ನಿಮಗೆ ಕಾದಿರುವುದು ಬರೀ ದುಡಿಮೆ, ಕಂದಗಳಿರಾ ಎಂದು ಹೇಳಿ, ನೆನಪಿಗೆಂದು ಇಬ್ಬರಿಗೂ ಒಂದೊಂದು ಚಿನ್ನದ ನಾಣ್ಯ ಕೊಟ್ಟರು. ಆ ಅಜ್ಜನನ್ನು ಜಾನ್ ಮತ್ತೆ ನೋಡಲಿಲ್ಲ.

ಡೇನಿಯಲ್ ಡನ್‌ಬಾರಿನಲ್ಲಿ ಧಾನ್ಯದ ವ್ಯಾಪಾರಿ. ತಾನು ನಂಬಿದ ಪಂಥದಲ್ಲಿ ತನ್ನಿಷ್ಟದಂತೆ ಬದುಕಬೇಕೆಂಬ ಹಂಬಲ ಅವರನ್ನು ಹೊರಡಿಸಿತು. ಮೊದಲು ಹೊರಟವರು ಅಪ್ಪನೊಂದಿಗೆ ಅಕ್ಕ ಸಾರಾ, ಜಾನ್, ಡೇವಿಡ್. ತಾಯಿ ಆನ್ ಉಳಿದ ನಾಲ್ಕು ಮಕ್ಕಳೊಂದಿಗೆ ಹಿಂದೆ ಉಳಿದು, ಅಮೆರಿಕದಲ್ಲಿ ಮನೆ ಎದ್ದ ಮೇಲೆ ಅದೇ ವರ್ಷ ಬಂದರು. ಹಾಯಿಹಡಗಿನಲ್ಲಿ ಆರು ವಾರಕ್ಕೂ ಹೆಚ್ಚಿನ ಪಯಣ. ಕೆನಡಾಕ್ಕೆ ಹೋಗಬೇಕೆಂದಿದ್ದ ಅಪ್ಪ ಹಡಗಿನಲ್ಲಿ ಸಿಕ್ಕವರ ಮಾತು ಕೇಳಿ ಮನಸ್ಸು ಬದಲಿಸಿದರು: ಅಲ್ಲಿ ದಟ್ಟ ಕಾಡು ಕಡಿಯುವುದರಲ್ಲೇ ಆಯುಷ್ಯ ಮುಗಿಯುತ್ತದೆ, ವಿಸ್ಕಾನ್ಸಿನ್ ಮೇಲು.

ಹೀಗೆ ಫೌಂಟನ್ ಲೇಕ್ ಎಂಬ ಕೆರೆಯ ದಂಡೆಯಲ್ಲಿ ಹೊಲ ಮಾಡಿದರು. ಅದು ಅದುವರೆಗೆ ಮೆನಾಮಿನಿ, ಹೋ-ಚಂಕ್ ಎಂಬ ಮೂಲನಿವಾಸಿ ಜನರು ಬಾಳಿದ ನೆಲ. ಈ ಕತೆ ಹೇಳುವಾಗ ಅವರನ್ನು ಮರೆಯಬಾರದು. ವರ್ಷ ವರ್ಷವೂ ಗೋಧಿಯನ್ನೇ ಬಿತ್ತಿ ಮಣ್ಣು ಸೋತಾಗ, ಎಂಟು ವರ್ಷದ ನಂತರ ಅಪ್ಪ ಹತ್ತಿರದ ಹಿಕರಿ ಹಿಲ್‌ನಲ್ಲಿ ಇನ್ನೊಂದು ಜಮೀನು ಕೊಂಡರು. ಅಲ್ಲಿ ನೀರಿರಲಿಲ್ಲ.

ಬಾವಿ ತೋಡುವ ಕೆಲಸ ಜಾನ್ ಪಾಲಿಗೆ ಬಂತು. ಮೇಲಿನ ಕೆಲವು ಅಡಿ ಮಣ್ಣು ಕಳೆದರೆ ಕೆಳಗೆಲ್ಲ ಮರಳುಗಲ್ಲು. ಮುಂಜಾನೆ ಬಕೆಟ್ಟಿನಲ್ಲಿ ಇಳಿಸಿದರೆ, ಉಳಿ ಸುತ್ತಿಗೆ ಹಿಡಿದು ಒಬ್ಬನೇ ಕಲ್ಲು ಕೆತ್ತಬೇಕು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಸುಮಾರು ಎಂಬತ್ತು ಅಡಿ ಇಳಿದಾಗ ಒಂದು ಬೆಳಿಗ್ಗೆ, ತಳದಲ್ಲಿ ರಾತ್ರಿಯಿಡೀ ಸೇರಿದ್ದ ಕೆಟ್ಟ ಗಾಳಿಗೆ ತಲೆಸುತ್ತಿ ಗೋಡೆಗೆ ಒರಗಿದ. ಮೇಲೆ ಕಂಡ ಓಕ್ ಕೊಂಬೆಯೊಂದು ಅವನನ್ನು ಎಚ್ಚರಿಸಿತಂತೆ. ಅಪ್ಪ ಕೂಗಿ ಕೂಗಿ, ಬಕೆಟ್ಟಿಗೆ ಹತ್ತಿಸಿ ಎಳೆದುಕೊಂಡರು. ಒಂದೆರಡು ದಿನ ಸುಧಾರಿಸಿಕೊಂಡವನನ್ನು ಮತ್ತೆ ಇಳಿಸಿದರು! ಅದಕ್ಕೆ ಮೊದಲು ನೀರು ಸುರಿದು, ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಆಡಿಸಿ ಗಾಳಿ ಕಲಕುವುದನ್ನು ನೆರೆಯವರು ಕಲಿಸಿಕೊಟ್ಟಿದ್ದರು. ತೊಂಬತ್ತು ಅಡಿಗೆ ನೀರು ಸಿಕ್ಕಿತು. ಅಪ್ಪ ಒಂದು ಗಂಟೆಯೂ ಬಾವಿಯೊಳಗೆ ಇಳಿದವರಲ್ಲ ಎಂದು ಮ್ಯೂರ್ ಮುಪ್ಪಿನಲ್ಲಿ ಬರೆದರು. ಅದನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಇಷ್ಟಾದರೂ ಹುಡುಗ ರಾತ್ರಿ ಒಂದು ಗಂಟೆಗೇ ಎದ್ದು ಓದುತ್ತಿದ್ದ, ಮರದಲ್ಲಿ ಗಡಿಯಾರ ಮಾಡುತ್ತಿದ್ದ. ಮಲಗಿದವನನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿ ನಿಲ್ಲಿಸುವ ಮಂಚವನ್ನೂ ಮಾಡಿದ. ಮುಂದಿನದು ನಿಮಗೆ ಗೊತ್ತು: ಕ್ಯಾಲಿಫೋರ್ನಿಯಾದ ಬೆಟ್ಟಗಳು, 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, 1892ರಲ್ಲಿ ಕಾಡು ಬೆಟ್ಟಗಳನ್ನು ಉಳಿಸಲು ಕಟ್ಟಿದ ಸಿಯೆರಾ ಕ್ಲಬ್. ಒಮ್ಮೆ ಸಾವಿರ ಮೈಲಿ ನಡೆದುಹೋದಾಗಲೂ ಅವರ ಚೀಲದಲ್ಲಿ ಸ್ಕಾಟ್ಲೆಂಡಿನ ರೈತಕವಿ ರಾಬರ್ಟ್ ಬರ್ನ್ಸ್‌ರ ಪದ್ಯಗಳಿದ್ದವು. ಅವರ ಮಾತಿನಲ್ಲಿ ಸ್ಕಾಟ್ ಉಚ್ಚಾರ ಕೊನೆಯವರೆಗೂ ಉಳಿಯಿತು.

ಮನೆಮಂದಿ ಏನಾದರು? ಸಾರಾ ಮತ್ತು ಅವಳ ಗಂಡ ಫೌಂಟನ್ ಲೇಕ್ ಹೊಲವನ್ನು ಕೊಂಡರು. ಡೇವಿಡ್ ಕೊನೆಗೆ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್‌ಗೆ ಬಂದು ಅಣ್ಣನ ಹಣ್ಣಿನ ತೋಟ ನೋಡಿಕೊಂಡ. ಜಾನ್ 1880ರಲ್ಲಿ ಮದುವೆಯಾದದ್ದು ಪೋಲೆಂಡಿನಿಂದ ಬಂದ ವೈದ್ಯರೊಬ್ಬರ ಮಗಳು ಲೂಯಿಯನ್ನು. ಅವರ ಮಕ್ಕಳು ವಾಂಡಾ ಮತ್ತು ಹೆಲೆನ್. ದೊಡ್ಡವಳಿಗಿಟ್ಟದ್ದು ಪೋಲೆಂಡಿನ ಹೆಸರು. ಇಬ್ಬರಿಂದ ಹತ್ತು ಮೊಮ್ಮಕ್ಕಳು.

1893ರಲ್ಲಿ ಜಾನ್ ಮ್ಯೂರ್ ಡನ್‌ಬಾರ್‌ಗೆ ಹೋದರು, ಬಿಟ್ಟುಬಂದು ನಲವತ್ತನಾಲ್ಕು ವರ್ಷಗಳ ಮೇಲೆ. ಉಳಿದುಕೊಳ್ಳಲು ಹೋಟೆಲೊಂದು ಸಿಕ್ಕಿತು. ಅದು ಅವರು ಬಾಲ್ಯದಲ್ಲಿ ಆಡಿ ಬೆಳೆದ ಮನೆ.