ಮಕ್ಕಳ ಬಂಧು ಜೇನ್ ಆಡಮ್ಸ್

ಅಮೆರಿಕದ ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ ೧೮೬೦ರ ಸೆಪ್ಟೆಂಬರ್ ೬ರಂದು ಜೇನ್ ಆಡಮ್ಸ್ ಜನಿಸಿದರು. ಎರಡು ವರ್ಷದ ಎಳವೆಯಲ್ಲಿಯೇ ಅವರು ತಾಯಿಯನ್ನು ಕಳೆದುಕೊಂಡರು. ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಆಸೆಯೂ ಅನಾರೋಗ್ಯದಿಂದಾಗಿ ಕೈಗೂಡಲಿಲ್ಲ. ಆದರೆ ಪರರ ನೋವಿಗೆ ಮಿಡಿಯುವ ಹೃದಯ ಅವರದಾಗಿತ್ತು. ಲಂಡನ್ನಿನ ಬಡವರ ನಡುವೆ ವಿದ್ಯಾವಂತ ತರುಣರು ನೆಲಸಿ ಸೇವೆ ಮಾಡುತ್ತಿದ್ದ ಟಾಯ್ನ್‌ಬೀ ಹಾಲನ್ನು ಕಂಡು ಬಂದ ಅವರು, ೧೮೮೯ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಷಿಕಾಗೋ ನಗರದಲ್ಲಿ 'ಹಲ್ ಹೌಸ್' ಎಂಬ ಸೇವಾಕೇಂದ್ರವನ್ನು ತೆರೆದರು.

ಆ ಕೇರಿಯಲ್ಲಿ ಇಟಲಿ, ಜರ್ಮನಿ, ರಷ್ಯಾ ಮೊದಲಾದ ದೇಶಗಳಿಂದ ವಲಸೆ ಬಂದ ಬಡ ಕುಟುಂಬಗಳು ಕಿಕ್ಕಿರಿದಿದ್ದವು. ತಂದೆತಾಯಿಗಳು ಕಾರ್ಖಾನೆಗಳಲ್ಲಿ ದುಡಿಯುತ್ತಿರಲು ಮಕ್ಕಳು ಬೀದಿಯ ಪಾಲಾಗುತ್ತಿದ್ದರು. ರೈಲುಹಳಿಯ ಬಳಿ ಕಲ್ಲಿದ್ದಲನ್ನು ಆಯ್ದ ಬಾಲಕನೂ ಅಪರಾಧಿಯೆನಿಸುತ್ತಿದ್ದನು. ನುರಿತ ಕಳ್ಳರಿರುವ ಸೆರೆಮನೆಗೇ ಎಳೆಯರನ್ನು ತಳ್ಳುವುದೂ ಉಂಟು. ಅಲ್ಲಿ ಅವರು ತಿದ್ದಿಕೊಳ್ಳುವುದಕ್ಕೆ ಬದಲಾಗಿ ಇನ್ನಷ್ಟು ಕೆಡುತ್ತಿದ್ದರು.

ಜೇನ್ ಆಡಮ್ಸ್, ಜೂಲಿಯಾ ಲ್ಯಾತ್ರಪ್ ಮೊದಲಾದ ಮಹಿಳೆಯರ ಪರಿಶ್ರಮದ ಫಲವಾಗಿ ೧೮೯೯ರಲ್ಲಿ ಷಿಕಾಗೋದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯವು ಸ್ಥಾಪಿತವಾಯಿತು. ತಪ್ಪು ಮಾಡಿದ ಮಗುವನ್ನು ಮನೆಯಲ್ಲಿಯೇ ಇರಗೊಟ್ಟು, ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿ ತಿದ್ದುವ ಅಧಿಕಾರವು ನ್ಯಾಯಾಧೀಶರಿಗೆ ದೊರೆಯಿತು. ಆದರೆ ಆ ಅಧಿಕಾರಿಗಳಿಗೆ ಸರ್ಕಾರದ ಬೊಕ್ಕಸದಿಂದ ಬಿಡಿಗಾಸಿನ ವೇತನವೂ ಇರಲಿಲ್ಲ. ಅನ್ನವಿಲ್ಲದೆ ಯಾರು ತಾನೆ ದುಡಿದಾರು? ಕಾನೂನು ಬರಿಯ ಕಾಗದವಾಗಿ ಉಳಿಯುವ ಭಯವಿತ್ತು.

ಆಗ ನಗರದ ಮಹಿಳೆಯರು ಸಮಿತಿಯೊಂದನ್ನು ಕಟ್ಟಿ, ಹಣ ಕೂಡಿಸಿ ಸಂಬಳ ನೀಡಿದರು. ಹಲ್ ಹೌಸಿನ ನಿವಾಸಿಯಾದ ಆಲ್‌ಜೈನಾ ಸ್ಟೀವನ್ಸ್ ಮೊದಲ ಪರಿವೀಕ್ಷಣಾಧಿಕಾರಿಯಾದರು. ಹದಿಮೂರನೆಯ ವಯಸ್ಸಿನಲ್ಲಿ ಬಟ್ಟೆಯ ಗಿರಣಿಯಲ್ಲಿ ದುಡಿಯುವಾಗ ಬೆರಳೊಂದನ್ನು ಕಳೆದುಕೊಂಡಿದ್ದ ಆ ಮಹಿಳೆಗೆ ಬಡ ಮಕ್ಕಳ ಸಂಕಟವನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಅಧಿಕಾರಿಗಳು ಮನೆಮನೆಗೆ ಹೋಗಿ, ತಾಯಿಯ ಅಳಲನ್ನು ಕೇಳಿ, ಮಗುವಿನ ನಡತೆಯನ್ನು ನ್ಯಾಯಾಲಯಕ್ಕೆ ತಿಳಿಸುತ್ತಿದ್ದರು. ತೀರ್ಪು ನ್ಯಾಯಾಲಯದ್ದು, ಆರೈಕೆ ನೆರೆಹೊರೆಯದು.

ದಾನದ ಹಣವನ್ನೇ ನಂಬಿ ನ್ಯಾಯವು ಬಹುಕಾಲ ನಿಲ್ಲಲಾರದು. ಕೆಲವು ವರ್ಷಗಳ ತರುವಾಯ ಕೌಂಟಿಯ ಆಡಳಿತವೇ ವೇತನದ ಹೊಣೆಯನ್ನು ಹೊತ್ತಿತು. ಸಮಿತಿಯಾದರೋ ಕೆಲಸ ಮುಗಿಯಿತೆಂದು ಕೈಕಟ್ಟಿ ಕೂರದೆ, ಮಕ್ಕಳನ್ನು ದಾರಿ ತಪ್ಪಿಸುವ ಕಾರಣಗಳನ್ನು ಹುಡುಕಿ ನಿವಾರಿಸಲು ತೊಡಗಿತು.

೧೯೩೧ರಲ್ಲಿ ನೊಬೆಲ್ ಶಾಂತಿ ಪಾರಿತೋಷಕದ ಗೌರವಕ್ಕೆ ಪಾತ್ರರಾದ ಜೇನ್ ಆಡಮ್ಸ್ ೧೯೩೫ರ ಮೇ ೨೧ರಂದು ನಿಧನರಾದರು. ಎಡವಿದ ಮಗುವನ್ನು ಮೇಲೆತ್ತುವ ಹೊಣೆ ಸರ್ಕಾರಕ್ಕೂ ನೆರೆಯವರಿಗೂ ಸಮಾನವೆಂಬುದನ್ನು ಅವರು ಬಾಳಿ ತೋರಿಸಿದರು.