ಒಂದೇ ಮನೆಯಲ್ಲಿ ಬೆಳೆದ ಅಣ್ಣ ತಮ್ಮ

ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹರಿಯುತ್ತವಲ್ಲ, ಆ ಹೊಳೆಗೆ ಬ್ರಿಟಿಷರ ಕಾಲದಲ್ಲಿ ರೈಲ್ವೆ ಸೇತುವೆ ಕಟ್ಟಿದ ಎಂಜಿನಿಯರ್ ಎಡ್ವರ್ಡ್ ಸ್ಟೋನಿ. ಅವರ ಮಗಳ ಮಗನೇ ಅಲನ್ ಟ್ಯೂರಿಂಗ್. ಕಂಪ್ಯೂಟರ್ ಸೈನ್ಸ್ ಓದುವ ನಮಗೆ ಈ ಹೆಸರು ಸಿಲೆಬಸ್‌ನಲ್ಲೇ ಇದೆ. ನಾನು ಆತನ ಬದುಕನ್ನು ಹುಡುಕಿ ಓದಿದ್ದು ಮಾತ್ರ ಪರೀಕ್ಷೆಗಾಗಿ ಅಲ್ಲ.

ಭದ್ರಾವತಿಯಿಂದ ದಿನಾ ನನ್ನ ಜೊತೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವ ಗೆಳೆಯನೊಬ್ಬ, ತನಗೆ ಹುಡುಗರ ಮೇಲೇ ಮನಸ್ಸಾಗುತ್ತದೆ ಎಂದು ಮನೆಯಲ್ಲಿ ಹೇಳಿಬಿಟ್ಟ. ಹೈಸ್ಕೂಲಿನಲ್ಲಿ ಹಾಸ್ಟೆಲ್ಲಿಗೆ ಹಾಕಿದ್ದೇ ಕಾರಣ ಎಂದರು ಅಪ್ಪ. ತಾನು ಮುದ್ದು ಮಾಡಿ ಕೆಡಿಸಿದೆ ಎಂದು ಅಮ್ಮ ಊಟ ಬಿಟ್ಟರು. ಹುಟ್ಟಿನಿಂದಲೋ, ಬೆಳೆಸಿದ್ದರಿಂದಲೋ?

ಟ್ಯೂರಿಂಗ್ ಹುಟ್ಟಿದ್ದು 1912ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಅಲನ್‌ನನ್ನೂ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಜಾನ್‌ನನ್ನೂ ಇಂಗ್ಲೆಂಡಿನಲ್ಲಿ ಕರ್ನಲ್ ಒಬ್ಬರ ಮನೆಯಲ್ಲಿ ಬಿಟ್ಟಿದ್ದರು. ಆಮೇಲೆ ಇಬ್ಬರಿಗೂ ಬೋರ್ಡಿಂಗ್ ಶಾಲೆ. ಬೆಳೆಸಿದ್ದೇ ಕಾರಣ ಎನ್ನುವವರಿಗೆ ಬೇಕಾದದ್ದೆಲ್ಲ ಇಲ್ಲಿದೆ. ಆದರೆ ಜಾನ್ ವಕೀಲನಾಗಿ, ಮದುವೆಯಾಗಿ ಬಾಳಿದ. ಅಲನ್‌ನ ಮನಸ್ಸು ಕ್ರಿಸ್ಟೋಫರ್ ಮಾರ್ಕಮ್ ಎಂಬ ಶಾಲಾ ಗೆಳೆಯನ ಮೇಲೆ ನಿಂತಿತು. 1930ರಲ್ಲಿ ಆ ಹುಡುಗ ಕ್ಷಯದಿಂದ ತೀರಿಕೊಂಡ. ಅವನ ತಾಯಿಗೆ ಅಲನ್ ವರ್ಷಗಟ್ಟಲೆ ಕಾಗದ ಬರೆಯುತ್ತಿದ್ದ.

ಗೆಳೆಯನ ಅಮ್ಮನಿಗೆ ನಾನು ಹೇಳಿದ್ದು ಈ ಅಣ್ಣ ತಮ್ಮಂದಿರ ಕಥೆಯನ್ನೇ. ಅವರಿಗೂ ಇಬ್ಬರು ಗಂಡುಮಕ್ಕಳು, ಒಂದೇ ಕೈತುತ್ತು ಉಂಡವರು. ಅವರು ಬಹಳ ಹೊತ್ತು ಸುಮ್ಮನಿದ್ದರು.

ಯುದ್ಧಕಾಲದಲ್ಲಿ ಜರ್ಮನರ ಎನಿಗ್ಮಾ ಸಂಕೇತ ಒಡೆಯಲು ನೆರವಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. 1952ರಲ್ಲಿ ಗಂಡಸಿನೊಂದಿಗಿನ ಸಂಬಂಧಕ್ಕಾಗಿ ಅದೇ ಮನುಷ್ಯನಿಗೆ ಶಿಕ್ಷೆಯಾಯಿತು. ಜೈಲು ಬೇಡವೆಂದರೆ ಒಂದು ವರ್ಷ ಈಸ್ಟ್ರೋಜನ್ ಹಾರ್ಮೋನು. ಇದು ದೇಹದ ದೋಷ, ಔಷಧಿಗೆ ಬಗ್ಗುತ್ತದೆ ಎಂಬ ಲೆಕ್ಕ. ದೇಹ ಊದಿಕೊಂಡಿತು, ಮನಸ್ಸಿನ ದಿಕ್ಕು ತಿರುಗಲಿಲ್ಲ. 1954ರ ಜೂನ್‌ನಲ್ಲಿ ಸಯನೈಡ್‌ನಿಂದ ಸತ್ತಾಗ ವಯಸ್ಸು 41. ಹುಟ್ಟಿನಿಂದಲೇ ಎಂದು ಸಾಬೀತಾದರೆ ಜನ ಸುಮ್ಮನಾಗುತ್ತಾರೆ ಎಂಬ ಮಾತನ್ನು ನಾನು ನಂಬದಿರುವುದು ಇದಕ್ಕೇ. ಸೂಜಿ ಹಿಡಿದು ಬಂದವರು ದೇಹವನ್ನೇ ದೂರಿದ್ದರು.

2019ರಲ್ಲಿ ಸುಮಾರು 5 ಲಕ್ಷ ಜನರ ವಂಶವಾಹಿಗಳನ್ನು ನೋಡಿದ ಅಧ್ಯಯನಕ್ಕೂ ಇದನ್ನು ನಿರ್ಧರಿಸುವ ಒಂದೇ ಜೀನ್ ಸಿಗಲಿಲ್ಲ. ಜೀನ್‌ಗಳ ಪಾಲು ಇದೆ, ಆದರೆ ಪೂರ್ತಿ ಅಲ್ಲ. ಮುದ್ದು ಮಾಡಿದ್ದರಿಂದ ಹೀಗಾಗುತ್ತದೆ ಎನ್ನಲು ಪುರಾವೆಯೂ ಇಲ್ಲ. ಟ್ಯೂರಿಂಗ್‌ನ ಇನ್ನೊಂದು ಪ್ರಬಂಧ 1952ರದ್ದೇ: ಒಂದೇ ಥರದ ಜೀವಕೋಶಗಳಿಂದ ಪ್ರಾಣಿಗಳ ಮೈಮೇಲೆ ಚುಕ್ಕೆ, ಪಟ್ಟೆ ಹೇಗೆ ಮೂಡುತ್ತವೆ ಎಂಬುದು. ಮೊದಲಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಏರುಪೇರು ಸಾಕಂತೆ. ಆತ ಅದನ್ನು ಪ್ರೀತಿಯ ಬಗ್ಗೆ ಬರೆಯಲಿಲ್ಲ. ಹಾಗೆ ಓದಿಕೊಂಡದ್ದು ನಾನು.

ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಎಂದಿತು. ಹೀಗೆ ಬದಲಾಯಿಸುವ ಚಿಕಿತ್ಸೆ ವೈದ್ಯರ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ಗೆಳೆಯನ ಅಪ್ಪ ಇನ್ನೂ ಡಾಕ್ಟರನ್ನು ಹುಡುಕುತ್ತಿದ್ದಾರೆ.

ಟ್ಯೂರಿಂಗ್‌ನ ತಾಯಿ ಸಾರಾ ಮಗನಿಗಿಂತ 22 ವರ್ಷ ಹೆಚ್ಚು ಬದುಕಿದರು. 1959ರಲ್ಲಿ ಮಗನ ಜೀವನಚರಿತ್ರೆ ಬರೆದರು. ಬಾಲ್ಯ, ಗಣಿತ, ಓಟ ಎಲ್ಲ ಅದರಲ್ಲಿದೆ. ಈ ಒಂದು ವಿಷಯ ಮಾತ್ರ ಇಲ್ಲ.