ಇಸ್ಪೀಟ್ ಕಾರ್ಖಾನೆಯಿಂದ ಬಂದ ಆಟಗಾರ: ಗುನ್‌ಪೇ ಯೊಕೊಯ್

ಗೆಳೆಯ ಗೆಳತಿಯರೇ, ವಿಡಿಯೋ ಗೇಮ್ ಅಂದ ಕೂಡಲೇ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಆಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವಂಥ ಆಟವನ್ನು ಮನೆಮನೆಗೂ ಮುಟ್ಟಿಸಿದವರು ಯಾರು ಅಂತ ಕೇಳಿದರೆ ಹೇಳುವವರು ಕಡಿಮೆ. ಅವರೇ ಜಪಾನಿನ ಗುನ್‌ಪೇ ಯೊಕೊಯ್. ಈ ಸಲದ ವ್ಯಕ್ತಿ ಪರಿಚಯ ಅವರದು.

ಯೊಕೊಯ್ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಹಳೆಯ ರಾಜಧಾನಿ ಕ್ಯೋಟೋ ನಗರದಲ್ಲಿ. ಅಲ್ಲಿನ ದೋಶಿಷಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಓದು ಮುಗಿದ ಮೇಲೆ ದೊಡ್ಡ ಕಂಪನಿಗಳಲ್ಲಿ ಕೆಲಸ ಸಿಗಲಿಲ್ಲ. ಕೊನೆಗೆ 1965ರಲ್ಲಿ ಅದೇ ಊರಿನ ನಿಂಟೆಂಡೋ ಕಂಪನಿಗೆ ಸೇರಿದರು. ಆಗ ನಿಂಟೆಂಡೋ ಅಂದರೆ ಈಗಿನಂತೆ ವಿಡಿಯೋ ಗೇಮ್ ಕಂಪನಿ ಅಲ್ಲ. 1889ರಿಂದ ಇಸ್ಪೀಟ್ ಎಲೆ ತಯಾರಿಸುತ್ತಿದ್ದ ಕಂಪನಿ. ಅದರ ಹೆಸರಾಂತ ಸರಕು ಹನಾಫುದಾ, ಅಂದರೆ ಹೂವಿನ ಎಲೆಗಳು. ವರ್ಷದ 12 ತಿಂಗಳಿಗೆ ತಿಂಗಳಿಗೊಂದು ಗಿಡದಂತೆ, ತಲಾ 4ರ ಲೆಕ್ಕದಲ್ಲಿ ಒಟ್ಟು 48 ಎಲೆ. ಈ ಎಲೆ ಮಾಡುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯ್ ಅವರ ಕೆಲಸ.

ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ಮೆಕ್ಯಾನಿಕ್‌ಗೆ ಏನು ಕೆಲಸ? ಬಿಡುವಿನಲ್ಲಿ ಸುಮ್ಮನೆ ಕೂರಲಾರದೆ ಅವರು ಒಂದು ಆಟದ ಕೈ ಮಾಡಿಕೊಂಡರು. ಅಂಗಡಿಗಳ ಮುಂದೆ ಎಳೆದು ಮುಚ್ಚುವ ಕತ್ತರಿ ಗೇಟ್ ನೋಡಿದ್ದೀರಲ್ಲ, ಹಾಗೇ ಅಡ್ಡಡ್ಡ ಪಟ್ಟಿ ಜೋಡಿಸಿದ್ದು. ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುತ್ತಿತ್ತು. ಇದು ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಅವರ ಕಣ್ಣಿಗೆ ಬಿತ್ತು, ಕರೆ ಬಂತು. ಕೆಲಸದ ಹೊತ್ತಲ್ಲಿ ಆಟವಾಡಿದ್ದಕ್ಕೆ ಬೈಗುಳ ಗ್ಯಾರಂಟಿ ಅಂದುಕೊಂಡೇ ಯೊಕೊಯ್ ಹೋದರು. ಆದರೆ ಅಧ್ಯಕ್ಷರು ಅದನ್ನೇ ಮಾರಾಟಕ್ಕೆ ತಯಾರಿಸು ಅಂದುಬಿಟ್ಟರು! 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಬಂದ ಆ ಆಟಿಕೆ 12 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಲ್ಲಿಂದ ಯೊಕೊಯ್ ಎಣ್ಣೆ ಡಬ್ಬಿ ಬಿಟ್ಟು ಆಟಿಕೆ ಮಾಡುವವರಾದರು.

ಅವರದೊಂದು ಪದ್ಧತಿ ಇತ್ತು. ಹೊಚ್ಚಹೊಸ, ದುಬಾರಿ ಸಾಮಾನಿನ ಹಿಂದೆ ಓಡಬಾರದು. ಎಲ್ಲರಿಗೂ ಹಳತಾಗಿ, ಅಗ್ಗವಾಗಿ ಸಿಗುವ ವಸ್ತುವನ್ನೇ ತೆಗೆದುಕೊಂಡು ಯಾರೂ ಯೋಚಿಸದ ಕಡೆ ಬಳಸಬೇಕು. ಇದು ಬರೀ ಮಾತಾಗಿರಲಿಲ್ಲ. ಬಿಸಿಲಿನಿಂದ ಕರೆಂಟ್ ಮಾಡುವ ಸೋಲಾರ್ ಸೆಲ್ಲನ್ನು ಗುರಿಹಲಗೆಯೊಳಗಿಟ್ಟು, ಬೆಳಕು ಬಿದ್ದರೆ ಗುರಿ ತಾಗಿದ ಹಾಗೆ ಮಾಡಿ, 1970ರಲ್ಲಿ ಬೆಳಕಿನ ಬಂದೂಕಿನ ಆಟ ತಂದರು.

ಒಂದು ದಿನ ಬುಲೆಟ್ ರೈಲಿನಲ್ಲಿ ಹೋಗುವಾಗ ಒಬ್ಬ ಪ್ರಯಾಣಿಕ ಹೊತ್ತು ಕಳೆಯಲು ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತಾ ಕೂತಿದ್ದು ಅವರಿಗೆ ಕಾಣಿಸಿತು. ಇಷ್ಟೇ ಚಿಕ್ಕದಾದ ಆಟ ಇದ್ದರೆ ಹೇಗೆ ಅಂತ ಹೊಳೆಯಿತು. ಮುಂದೊಂದು ದಿನ ಅಧ್ಯಕ್ಷರ ಕಾರಿನ ಡ್ರೈವರಿಗೆ ಹುಷಾರಿಲ್ಲದೆ ಯೊಕೊಯ್ ಅವರೇ ಕಾರು ಓಡಿಸಬೇಕಾಯಿತು. ದಾರಿಯಲ್ಲಿ ಈ ವಿಚಾರ ತೆಗೆದರು. ಆ ದಿನದ ಸಭೆಯಲ್ಲಿ ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದವರು ಕ್ಯಾಲ್ಕುಲೇಟರ್ ಮಾಡುವ ಶಾರ್ಪ್ ಕಂಪನಿಯ ಮುಖ್ಯಸ್ಥರು! ಮಾತು ಕುದುರಿತು. 1980ರಲ್ಲಿ ಗೇಮ್ ಅಂಡ್ ವಾಚ್ ಬಂತು. ಕ್ಯಾಲ್ಕುಲೇಟರಿನ ಪರದೆಯೇ ಆಟದ ಅಂಗಳವಾಯಿತು, ಜೊತೆಗೆ ಗಡಿಯಾರವೂ ಆಯಿತು. ಈ ಸರಣಿ 4 ಕೋಟಿಗೂ ಹೆಚ್ಚು ಮಾರಾಟವಾಯಿತು.

ಆಗ ಅವರು ಕಂಪನಿಯ ಮೊದಲನೇ ಸಂಶೋಧನಾ ವಿಭಾಗದ ಮುಖ್ಯಸ್ಥರು. 1981ರಲ್ಲಿ ಶಿಗೆರು ಮಿಯಾಮೊಟೊ ಎಂಬ ಯುವ ಚಿತ್ರಗಾರ ಡಾಂಕಿ ಕಾಂಗ್ ಆಟ ರೂಪಿಸಿದಾಗ ಬೆನ್ನಿಗೆ ನಿಂತವರು ಯೊಕೊಯ್. ಮಾರಿಯೋ ಹುಟ್ಟಿದ್ದು ಅದೇ ಆಟದಲ್ಲಿ. 1982ರಲ್ಲಿ ಡಾಂಕಿ ಕಾಂಗಿನ ಅಂಗೈ ಆವೃತ್ತಿಗೆ ಯೊಕೊಯ್ ಕೂಡಿಸುವ ಗುರುತಿನ ಆಕಾರದ ಗುಂಡಿ ಇಟ್ಟರು. ಒಂದೇ ಹೆಬ್ಬೆರಳಿನಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೋಗಬಹುದು, ಕಣ್ಣು ಪರದೆ ಬಿಟ್ಟು ಕದಲಬೇಕಾಗಿಲ್ಲ. ಇವತ್ತಿಗೂ ವಿಡಿಯೋ ಗೇಮಿನ ಹಿಡಿಕೆಗಳಲ್ಲಿ ಆ ಗುರುತು ಉಳಿದಿದೆ.

1989ರಲ್ಲಿ ಗೇಮ್ ಬಾಯ್ ಬಂತು. ಪರದೆಯಲ್ಲಿ ಬಣ್ಣವಿಲ್ಲ, ಹಸಿರು ಛಾಯೆಯ ಮಂಕು ಚಿತ್ರ. ಅದೇ ವರ್ಷ ಬಂದ ಅಟಾರಿ ಕಂಪನಿಯ ಲಿಂಕ್ಸ್‌ಗೆ ಬಣ್ಣದ ಪರದೆ ಇತ್ತು. ಆದರೆ ಅದಕ್ಕೆ 6 ಸೆಲ್ಲು ಹಾಕಿದರೂ ನಾಲ್ಕೈದು ಗಂಟೆಗೆ ಖಾಲಿ. ಗೇಮ್ ಬಾಯ್ 4 ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಅಮೆರಿಕದಲ್ಲಿ ಲಿಂಕ್ಸ್ ಬೆಲೆ ಸುಮಾರು 180 ಡಾಲರ್, ಗೇಮ್ ಬಾಯ್ ಸುಮಾರು 90. ಗೆದ್ದದ್ದು ಯಾವುದು ಅಂತ ಬೇರೆ ಹೇಳಬೇಕೇ? ಅದರ ನಂತರದ ಬಣ್ಣದ ಮಾದರಿಯೂ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಇಷ್ಟೇ ಬರೆದು ನಿಲ್ಲಿಸಿದರೆ ಅರ್ಧ ಕಥೆ ಆಗುತ್ತದೆ. 1995ರಲ್ಲಿ ಯೊಕೊಯ್ ವರ್ಚುವಲ್ ಬಾಯ್ ತಂದರು. ಕಣ್ಣಿಗೆ ಒತ್ತಿಕೊಂಡು ನೋಡಿದರೆ ಚಿತ್ರಕ್ಕೆ ಆಳ ಕಾಣುತ್ತಿತ್ತು. ಇಲ್ಲೂ ಅದೇ ಪದ್ಧತಿ: ಅಗ್ಗವಾಗಿದ್ದ, ಕಡಿಮೆ ಕರೆಂಟ್ ತಿನ್ನುವ ಕೆಂಪು ದೀಪವನ್ನೇ ಬಳಸಿದರು. ಆಟವೆಲ್ಲಾ ಕೆಂಪು ಕಪ್ಪು. ಆಡಿದವರಿಗೆ ತಲೆನೋವು. ಸುಮಾರು 7 ಲಕ್ಷ 70 ಸಾವಿರ ಮಾತ್ರ ಮಾರಾಟವಾಗಿ, ವರ್ಷದೊಳಗೆ ಅಂಗಡಿಯಿಂದ ಮರೆಯಾಯಿತು. ಗೆಲ್ಲಿಸಿದ ಪದ್ಧತಿಯೇ ಇಲ್ಲಿ ಸೋಲಿಸಿತು ನೋಡಿ.

1996ರ ಆಗಸ್ಟ್‌ನಲ್ಲಿ, 31 ವರ್ಷ ದುಡಿದ ಕಂಪನಿಯನ್ನು ಬಿಟ್ಟರು. ಸೋಲಿಗೆ ಹೆದರಿ ಬಿಟ್ಟರು ಅಂತ ಜನ ಆಡಿಕೊಂಡರು. ಆದರೆ ಐವತ್ತರ ಸುಮಾರಿಗೆ ಸ್ವಂತ ಕೆಲಸ ಶುರುಮಾಡಬೇಕೆಂಬುದು ಅವರ ಹಳೆಯ ಆಸೆ. ಕ್ಯೋಟೋದಲ್ಲೇ ಕೋಟೋ ಎಂಬ ಚಿಕ್ಕ ಕಂಪನಿ ಕಟ್ಟಿ, ಇನ್ನೊಂದು ಅಂಗೈ ಆಟಕ್ಕೆ ಕೈ ಹಾಕಿದರು. ಅದು ಮುಗಿಯುವುದನ್ನು ನೋಡುವ ಭಾಗ್ಯ ಇರಲಿಲ್ಲ. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಅವರಿದ್ದ ಕಾರು ಇನ್ನೊಂದು ವಾಹನಕ್ಕೆ ತಾಗಿತು. ಏನಾಯಿತೆಂದು ನೋಡಲು ಇಳಿದಾಗ ಬೇರೊಂದು ಕಾರು ಬಂದು ಬಡಿಯಿತು. ಆಗ ಅವರಿಗೆ 56 ವರ್ಷ.

1999ರಲ್ಲಿ ಬಂಡೈ ಕಂಪನಿಯಿಂದ ಆ ಯಂತ್ರ ವಂಡರ್‌ಸ್ವಾನ್ ಹೆಸರಿನಲ್ಲಿ ಬಂತು. ಅದು ಓಡುತ್ತಿದ್ದುದು ಒಂದೇ ಒಂದು ಸೆಲ್ಲಿನಿಂದ! ಅದರ ಒಂದು ಆಟಕ್ಕೆ ಗುನ್‌ಪೇ ಅಂತಲೇ ಹೆಸರಿಟ್ಟರು.

ಗೆಳೆಯರೇ, ದುಬಾರಿ ಸಾಮಾನು ನಮ್ಮ ಹತ್ತಿರ ಇಲ್ಲ ಅಂತ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದು ಈ ಮೆಕ್ಯಾನಿಕ್‌ನ ಬದುಕಿನಿಂದ ತಿಳಿಯುತ್ತದೆ. ನಿಮ್ಮ ಮನೆ ಅಟ್ಟದ ಮೇಲೆ ಕೆಟ್ಟ ಕ್ಯಾಲ್ಕುಲೇಟರೋ ಗಡಿಯಾರವೋ ಇದ್ದರೆ, ಗುಜರಿಗೆ ಹಾಕುವ ಮುಂಚೆ ಒಂದು ಸಲ ಬಿಚ್ಚಿ ನೋಡಿ. ಮನೆಯವರನ್ನು ಕೇಳಿಕೊಂಡು!